ಈ ಕೀಲಿ ಗೊಂಚಲು ಯಾರ ಕೈಗೆ ಕೊಡಲಿ?

ರಾಜ್ಯದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಹೊಣೆ ಹೊತ್ತವರಿಗೆ, ಕಾಲೇಜು ಶಿಕ್ಷಣವನ್ನು ನೋಡಿಕೊಳ್ಳುವ ಹಿರಿಯ ಅಧಿಕಾರಿಗಳಿಗೆ, ವಿಶ್ವವಿದ್ಯಾಲಯಗಳ ಎನ್ನೆಸ್ಸೆಸ್ ಸಂಯೋಜನಾಧಿಕಾರಿಗಳಿಗೆ,

ನಮಸ್ಕಾರ.

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. 2021ರ ಆಗಸ್ಟ್‌ನಿಂದ ಇಲ್ಲಿನ ಎನ್ನೆಸ್ಸೆಸ್ ಘಟಕದ ಕಾರ್ಯಕ್ರಮಾಧಿಕಾರಿ. ನಿಯಮದಂತೆ ಮೂರು ವರ್ಷ ಆಯಿತು, ಮೇಲೊಂದು ವರ್ಷದ ವಿಸ್ತರಣೆಯೂ ಆಯಿತು. ಕೌನ್ಸೆಲಿಂಗ್‌ನಲ್ಲಿ ಬೇರೆ ಜಿಲ್ಲೆಗೆ ವರ್ಗವೂ ಆಗಿದೆ. ಇದೇ ಜುಲೈ 31ರ ಸಂಜೆ ನನ್ನ ಬಿಡುಗಡೆ.

ಮೇಜಿನ ಮೇಲೆ ಒಂದು ಕೀಲಿ ಗೊಂಚಲಿದೆ. ಅದರಲ್ಲೊಂದು ಕ್ರೀಡಾ ಕೊಠಡಿಯ ಪಕ್ಕದ ಉಗ್ರಾಣದ್ದು. ಒಳಗೆ 38 ಗುದ್ದಲಿ, 20 ಸನಿಕೆ, 6 ಹಾರೆ, 45 ಬಾಂಡ್ಲಿ, ಎರಡು ಜಮಖಾನ, ಒಂದು ಕೆಟ್ಟ ಮೈಕ್ ಸೆಟ್ಟು. ಇನ್ನೊಂದು ಬೀರುವಿನದು. ಅದರಲ್ಲಿ ನಗದು ಪುಸ್ತಕ, ವೋಚರ್ ಫೈಲು, ಹಾಜರಿ ವಹಿ, ಶಿಬಿರದ ವರದಿಗಳು. ಚಾರ್ಜ್ ಲಿಸ್ಟ್, ಅಂದರೆ ಮುಂದಿನವರಿಗೆ ಒಪ್ಪಿಸುವ ವಸ್ತುಗಳ ಪಟ್ಟಿ, ಬರೆದು ಮುಗಿಸಿದ್ದೇನೆ, ಒಟ್ಟು 14 ಬಾಬು. ಬಲಗಡೆ ಕೆಳಗೆ ‘ವಹಿಸಿಕೊಂಡವರು’ ಎಂಬ ಜಾಗ ಮಾತ್ರ ಖಾಲಿ ಉಳಿದಿದೆ.

“ಯಾರಿಗಾದ್ರೂ ಕೊಟ್ಬಿಡಿ ಸಾರ್, ಆಮೇಲೆ ನೋಡಿಕೊಳ್ಳೋಣ” ಎಂದರು ನಮ್ಮ ಪ್ರಾಂಶುಪಾಲರು. ಅವರೂ ಪ್ರಭಾರದಲ್ಲಿರುವವರೇ. ಕೆಟ್ಟ ಮನುಷ್ಯರಲ್ಲ, ನಿಜಕ್ಕೂ ಅವರ ಮುಂದೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಪಾಠ ಮಾಡುವವರು 29 ಜನ. ಕಾಯಂ ಆದವರು ನನ್ನನ್ನೂ ಸೇರಿಸಿ ಎಂಟು. ಆ ಎಂಟರಲ್ಲಿ ಒಬ್ಬರು ಮುಂದಿನ ಏಪ್ರಿಲ್‌ಗೆ ನಿವೃತ್ತರು. ಒಬ್ಬರು ನ್ಯಾಕ್ (ಕಾಲೇಜಿನ ಗುಣಮಟ್ಟದ ಮೌಲ್ಯಮಾಪನ) ಕೆಲಸದಲ್ಲಿ ಮುಳುಗಿ ಎರಡು ವರ್ಷದಿಂದ ತಲೆ ಎತ್ತಿಲ್ಲ. ಒಬ್ಬರಿಗೆ ಪರೀಕ್ಷೆ, ವಿದ್ಯಾರ್ಥಿವೇತನ ಎರಡೂ ಅಂಟಿಕೊಂಡಿವೆ. ಒಬ್ಬರು ರೆಡ್ ಕ್ರಾಸ್, ರೋವರ್ಸ್ ಮತ್ತು ಮತದಾರರ ಸಾಕ್ಷರತಾ ಕ್ಲಬ್ ಎಂಬ ಮೂರು ಟೋಪಿ ಹಾಕಿಕೊಂಡಿದ್ದಾರೆ. ಒಬ್ಬರು ವಾರದಲ್ಲಿ ಮೂರು ದಿನ ಪಕ್ಕದ ತಾಲ್ಲೂಕಿಗೆ ನಿಯೋಜನೆ. ಇನ್ನೊಬ್ಬ ಮೇಡಂ ದಿನಾ 70 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೋಗುವವರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ನನ್ನನ್ನು ಬಿಟ್ಟರೆ ಉಳಿಯುವವನು ಒಬ್ಬ ಹುಡುಗ. 2021ರಲ್ಲಿ ಅರ್ಜಿ ಕರೆದ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಯಲ್ಲಿ ಆಯ್ಕೆಯಾಗಿ, ಪರೀಕ್ಷೆ, ಕೋರ್ಟು, ತಡೆ ಎಲ್ಲ ದಾಟಿ ಕಡೆಗೂ ಬಂದ ವಾಣಿಜ್ಯಶಾಸ್ತ್ರದ ಹೊಸಬ. ಅವನ ವಿಚಾರ ಕೊನೆಗೆ ಹೇಳುತ್ತೇನೆ.

ಹುದ್ದೆ ತುಂಬಿ ಎಂದು ಕೇಳುವುದು ಈ ಪತ್ರದ ಉದ್ದೇಶವಲ್ಲ. ಅದನ್ನು ಕೇಳಿ ಕೇಳಿ ನಮ್ಮ ಸಂಘದವರ ಗಂಟಲು ಬಿದ್ದುಹೋಗಿದೆ, ನಿಮಗೂ ಆ ಕಡತ ಬಾಯಿಪಾಠ. ಹುದ್ದೆ ತುಂಬಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಮೀಸಲಾತಿ ರೋಸ್ಟರ್ ಬೇಕು, ವರ್ಷಗಳು ಬೇಕು. ಒಬ್ಬ ಕಾರ್ಯಕ್ರಮಾಧಿಕಾರಿ ಹೋಗಿ ಇನ್ನೊಬ್ಬ ಬರುವಾಗ ನಡುವೆ ಏನೂ ಸೋರಿಹೋಗದಂತೆ ನೋಡಿಕೊಳ್ಳಲು ಅವು ಯಾವುದೂ ಬೇಡ. ಒಂದು ಸುತ್ತೋಲೆ ಸಾಕು. ಆ ಸುತ್ತೋಲೆಗಾಗಿಯೇ ಬರೆಯುತ್ತಿದ್ದೇನೆ.

ಯೋಜನೆಯ ಹಿನ್ನೆಲೆಯನ್ನು ನಿಮಗೆ ಹೇಳಬೇಕಿಲ್ಲ. ಇದನ್ನು ಓದುವ ಇತರರಿಗಾಗಿ ಎರಡು ಮಾತು. ಗಾಂಧೀಜಿ ಹುಟ್ಟಿದ ನೂರನೆಯ ವರ್ಷ, 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಎನ್ನೆಸ್ಸೆಸ್ ಶುರುವಾಯಿತು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಅರ್ಥಶಾಸ್ತ್ರದವನಾದ ನನಗೆ ಈ ನಂಟಿನ ಬಗ್ಗೆ ಒಂದಿಷ್ಟು ಜಂಬ ಇದೆ, ಕ್ಷಮಿಸಿ. ಒಂದು ಘಟಕಕ್ಕೆ 100 ಸ್ವಯಂಸೇವಕರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ. ಒಂದು ದತ್ತು ಗ್ರಾಮ. ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿಗೆ ಏಳು ದಿನದ ವಿಶೇಷ ಶಿಬಿರ. ಇಷ್ಟಕ್ಕೂ ಒಬ್ಬನೇ ಅಧಿಕಾರಿ, ಅದೂ ತನ್ನ ಪಾಠದ ಕೆಲಸ ಪೂರ್ತಿ ಮಾಡಿಕೊಂಡು. ನಮ್ಮ ಬ್ಯಾಡ್ಜಿನಲ್ಲಿ ಕೋನಾರ್ಕದ ಚಕ್ರವಿದೆ. ಅದರ ಎಂಟು ಅರಗಳು ಎಂಟು ಜಾವ, ಅಂದರೆ ದಿನದ 24 ಗಂಟೆಯೂ ಸೇವೆಗೆ ಸಿದ್ಧ ಎಂಬ ಅರ್ಥ. ಸ್ವಯಂಸೇವಕರ ಮಾತು ಹಾಗಿರಲಿ, ಶಿಬಿರದ ಏಳು ದಿನ ಅಧಿಕಾರಿಗಂತೂ ಅದು ಅಕ್ಷರಶಃ ನಿಜ. ರಾತ್ರಿ ಎರಡಕ್ಕೆ ಯಾರಿಗೋ ವಾಂತಿ, ನಾಲ್ಕಕ್ಕೆ ಅಡುಗೆಯವರು ಗ್ಯಾಸ್ ಮುಗಿಯಿತು ಎಂದು ಎಬ್ಬಿಸುತ್ತಾರೆ.

ಒಬ್ಬನೇ ಅಧಿಕಾರಿ ಎಂಬಲ್ಲಿಯೇ ತೊಡಕು ಇರುವುದು. ನಾಲ್ಕು ವರ್ಷದ ಹಿಂದೆ ನಾನು ಅಧಿಕಾರ ವಹಿಸಿಕೊಂಡ ಬಗೆಯನ್ನು ಕೇಳಿ.

ನನ್ನ ಹಿಂದಿನವರು ವರ್ಗವಾಗಿ ಹೋಗಿ ಎರಡು ತಿಂಗಳಾಗಿತ್ತು. ಕೋವಿಡ್ ಎರಡನೇ ಅಲೆ ಆಗಷ್ಟೇ ಇಳಿದಿತ್ತು, ಕಾಲೇಜು ಬಾಗಿಲು ತೆಗೆದು ಕೆಲವೇ ದಿನಗಳಾಗಿದ್ದವು. ಕೀಲಿ ಗೊಂಚಲು ಅಟೆಂಡರ್ ಕೈಯಲ್ಲಿತ್ತು. “ಸಾರ್ ಕೊಟ್ಟು ಹೋಗವ್ರೆ, ಇಸ್ಕೊಳ್ಳಿ” ಎಂದು ಕೈಗಿಟ್ಟ. ಚಾರ್ಜ್ ಆಯಿತು. ಬ್ಯಾಂಕ್ ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಅವರದು, ಘಟಕದ ಇಮೇಲ್ ಅವರ ಹೆಸರಿನದು. ಒಂದು ಒಟಿಪಿ ಬೇಕಾದರೆ ನಾನು ಇನ್ನೂರು ಕಿಲೋಮೀಟರ್ ಆಚೆಗೆ ಫೋನ್ ಮಾಡಬೇಕು. ಅವರು ತರಗತಿಯಲ್ಲಿದ್ದರೆ ಫೋನ್ ತೆಗೆಯುವ ಹೊತ್ತಿಗೆ ಒಟಿಪಿ ಅವಧಿ ಮುಗಿದಿರುತ್ತದೆ. ಹೀಗೆ ಒಂದು ತಿಂಗಳು ಕಳೆಯಿತು. ಅವರು ಬೇಸರಿಸಿಕೊಳ್ಳದೆ ಸಹಿಸಿದರು, ಅದು ಅವರ ದೊಡ್ಡ ಗುಣ. ಈಗ ಯುವಜನರಿಗಾಗಿ ಕೇಂದ್ರದ ‘ಮೈ ಭಾರತ್’ ಪೋರ್ಟಲ್ ಬಂದಿದೆ, ಹಣ ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್ ಮೂಲಕ ಹರಿಯುತ್ತದೆ. ಇವೆಲ್ಲಕ್ಕೂ ಈಗ ಇರುವುದು ನನ್ನ ನಂಬರು. ಮುಂದೆ ಬರುವವರು ನನಗೆ ಫೋನ್ ಮಾಡುತ್ತಾರೆ, ನಾನು ಎಲ್ಲೋ ಬೇಡಿಕೆ ರೇಖೆ ಎಳೆಯುತ್ತಾ ಕಪ್ಪುಹಲಗೆಯ ಮುಂದೆ ನಿಂತಿರುತ್ತೇನೆ.

ಒಟಿಪಿ ಹಾಳಾಗಲಿ, ಅದು ಮತ್ತೆ ಬರುತ್ತದೆ. ಊರಿನ ನಂಬಿಕೆ ಹಾಗೆ ಬರುವುದಿಲ್ಲ.

ನಮ್ಮ ದತ್ತು ಗ್ರಾಮ ಕಾಲೇಜಿನಿಂದ 11 ಕಿಲೋಮೀಟರ್. ನೂರಿಪ್ಪತ್ತು ಮನೆ, ಒಂದು ಹಳೆ ಕಲ್ಯಾಣಿ, ಒಂದು ಗೋಕಟ್ಟೆ. ನಾನು ಮೊದಲ ಸಲ ಹುಡುಗರನ್ನು ಕರೆದುಕೊಂಡು ಮನೆ ಮನೆ ಸಮೀಕ್ಷೆಗೆ ಹೋದೆ. ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿ, “ಹೊಸಾ ಮೇಷ್ಟ್ರಾ? ಹಂಗಾರೆ ಮತ್ತೆ ಬರ್ಕಂತೀರಾ?” ಎಂದರು. ಎಷ್ಟು ಜನ, ಎಷ್ಟು ಹಸು, ಶೌಚಾಲಯ ಇದೆಯೋ ಇಲ್ಲವೋ, ಓದು ಎಷ್ಟು, ಎಲ್ಲವನ್ನೂ ಆ ಮನೆಯವರು ನನಗಿಂತ ಮುಂಚೆ ಎರಡು ಸಲ ಹೇಳಿದ್ದರು. ಆ ಸಮೀಕ್ಷೆಯ ಹಾಳೆಗಳು ನಮ್ಮ ಬೀರುವಿನಲ್ಲಿರಲಿಲ್ಲ. ಇದ್ದಿದ್ದು ‘ಸಮೀಕ್ಷೆ ನಡೆಸಲಾಯಿತು’ ಎಂಬ ವರದಿಯ ಒಂದು ಸಾಲು, ಒಂದು ಗುಂಪಿನ ಫೋಟೋ. ನಾಚಿಕೆಯಾಯಿತು. ಆದರೂ ಬರೆದುಕೊಂಡೇ ಬಂದೆ, ಯಾಕೆಂದರೆ ನನಗೂ ವರದಿಗೆ ಒಂದು ಸಾಲು ಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪೊಂದನ್ನು ಮಾಡಿದೆ. ಹಿಂದಿನ ಮೇಷ್ಟ್ರು ಅಲ್ಲಿ ಕೊನೆಯ ಶಿಬಿರ ಮಾಡಿದಾಗ ಕಲ್ಯಾಣಿಯ ಎರಡು ಬದಿಯ ಮೆಟ್ಟಿಲ ಹೂಳು ಎತ್ತಿಸಿದ್ದರು. ‘ಉಳಿದ ಎರಡು ಬದಿ ಮುಂದಿನ ಸಲ’ ಎಂದು ಊರವರಿಗೆ ಮಾತು ಕೊಟ್ಟಿದ್ದರು. ಕೋವಿಡ್ ಬಂತು, ಅವರಿಗೆ ವರ್ಗವಾಯಿತು. ಊರವರು ಕಾದರು. ಶಿಬಿರದ ಊಟಕ್ಕೆಂದು ಮನೆಗೆ ಎರಡು ಸೇರಿನಂತೆ ರಾಗಿ ಎತ್ತಿ ದೇವಸ್ಥಾನದ ಉಗ್ರಾಣದಲ್ಲಿ ಇಟ್ಟಿದ್ದರು. ಇದು ಯಾವ ಕಡತದಲ್ಲೂ ಇರಲಿಲ್ಲ, ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ನನ್ನ ಮೊದಲ ಶಿಬಿರವನ್ನು ಹೆದ್ದಾರಿ ಪಕ್ಕದ ಇನ್ನೊಂದು ಊರಿನಲ್ಲಿ ಮಾಡಿದೆ. ಅಲ್ಲಿ ಪ್ರೌಢಶಾಲೆಯ ಕಟ್ಟಡವಿತ್ತು, ಹುಡುಗಿಯರಿಗೆ ಶೌಚಾಲಯವಿತ್ತು, ಉದ್ಘಾಟನೆಗೆ ಅತಿಥಿಗಳು ಬರಲು ಸುಲಭವಿತ್ತು.

ವರ್ಷವಾದ ಮೇಲೆ ಟೀ ಅಂಗಡಿಯಲ್ಲಿ ಆ ಹಳೆಯ ಊರಿನ ಒಬ್ಬರು ಸಿಕ್ಕಿದರು. ಕೋಪವಿಲ್ಲದೆ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. “ರಾಗಿ ಹುಳ ಬಿತ್ತು ಸಾ. ಆಮೇಲೆ ಮಾರಮ್ಮನ ಜಾತ್ರೆಗೆ ಒಳ್ಳೇದು ಆರಿಸಿ ಬಳಸ್ಕಂಡ್ವಿ.” ಆ ಟೀ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಚಾರ್ಜ್ ಲಿಸ್ಟಿನಲ್ಲಿ ಬಾಂಡ್ಲಿಯ ಲೆಕ್ಕವಿದೆ. ಕೊಟ್ಟ ಮಾತಿನ ಲೆಕ್ಕಕ್ಕೆ ಅದರಲ್ಲಿ ಕಾಲಂ ಇಲ್ಲ. ನೀವು ಹೊರಡಿಸಬೇಕಾದ ಸುತ್ತೋಲೆಯಲ್ಲಿ ಮೊದಲು ಸೇರಬೇಕಾದ್ದು ಇದು. ಹೋಗುವವರು, ಬರುವವರು ಇಬ್ಬರೂ ಒಂದು ದಿನ ಒಟ್ಟಿಗೆ ದತ್ತು ಗ್ರಾಮಕ್ಕೆ ಹೋಗಬೇಕು. ಪಂಚಾಯಿತಿ ಸದಸ್ಯರು, ಶಾಲೆಯ ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು, ಇವರ ಮುಂದೆ ಕೂತು ಏನು ಆಗಿದೆ, ಏನು ಬಾಕಿ ಎಂದು ಬರೆದು ಸಹಿ ಮಾಡಬೇಕು. ಊರಿನವರ ಸಹಿಯಿಲ್ಲದೆ ಅಧಿಕಾರ ಹಸ್ತಾಂತರ ಪೂರ್ತಿಯಾಯಿತು ಎಂದು ಯಾರೂ ಒಪ್ಪಬಾರದು. ಬಸ್ ಚಾರ್ಜ್ ಬಿಟ್ಟರೆ ಇದಕ್ಕೆ ಖರ್ಚಿಲ್ಲ.

ಇನ್ನು ಅತಿಥಿ ಉಪನ್ಯಾಸಕರ ಮಾತು. ಇದನ್ನು ಬರೆಯಲು ನನಗೆ ಸಂಕೋಚ, ಆದರೆ ಬರೆಯದೆ ಈ ಪತ್ರ ಸುಳ್ಳಾಗುತ್ತದೆ.

ಕಾರ್ಯಕ್ರಮಾಧಿಕಾರಿ ಕಾಯಂ ಬೋಧಕರೇ ಆಗಿರಬೇಕು ಎಂಬುದು ರೂಢಿ, ಲೆಕ್ಕಪತ್ರದ ಹೊಣೆ ಇರುವುದರಿಂದ ಅದು ಸರಿಯೂ ಹೌದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ಕಾಯಂ ಇರುವವರು ಬೆರಳೆಣಿಕೆಯಷ್ಟು ಇರುವ ಕಡೆ ಘಟಕ ಯಾರ ಹೆಗಲ ಮೇಲೆ ನಿಂತಿದೆ ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಕಾಲೇಜಿನಲ್ಲಿ ಹುಡುಗಿಯರೇ ಹೆಚ್ಚು. ಏಳು ರಾತ್ರಿ ಮಗಳನ್ನು ಬೇರೆ ಊರಿನಲ್ಲಿ ಬಿಡಬೇಕಾದ ತಾಯಿ ಮೊದಲು ಕೇಳುವ ಪ್ರಶ್ನೆ, “ಮೇಡಂ ಯಾರು ಇರ್ತಾರೆ?” ಎಂಬುದು. ಇರುತ್ತಿದ್ದದ್ದು ಕನ್ನಡದ ಅತಿಥಿ ಉಪನ್ಯಾಸಕಿಯೊಬ್ಬರು. ಹೆಸರು ಬರೆಯುವುದಿಲ್ಲ, ಅವರಿಗೆ ಅದರಿಂದ ತೊಂದರೆಯಾಗಬಹುದು. ಮೂರು ಶಿಬಿರಗಳಲ್ಲಿ ಏಳಕ್ಕೆ ಏಳೂ ರಾತ್ರಿ ಹುಡುಗಿಯರ ಕೊಠಡಿಯ ಬಾಗಿಲ ಬಳಿ ಚಾಪೆ ಹಾಸಿ ಮಲಗಿದವರು ಅವರು. ಯಾರಿಗೆ ಮುಟ್ಟಿನ ನೋವು, ಯಾರು ಮನೆಯ ನೆನಪಿಗೆ ಅಳುತ್ತಿದ್ದಾರೆ, ಯಾವ ಹುಡುಗಿಗೆ ಈ ಶಿಬಿರ ಮುಗಿಯುತ್ತಲೇ ಮದುವೆ ಗೊತ್ತುಮಾಡಿದ್ದಾರೆ, ಇದೆಲ್ಲ ಗೊತ್ತಿದ್ದದ್ದು ಅವರಿಗೆ. ಆ ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದವರೂ ಅವರೇ, ಹುಡುಗಿಯ ಅಪ್ಪನ ಜೊತೆ ರಾಗಿ ಕಣದಲ್ಲಿ ಕೂತು ಮಾತಾಡಿ.

ಶಿಬಿರದ ವರದಿಯಲ್ಲಿ ಸಹ ಶಿಬಿರಾಧಿಕಾರಿ ಎಂಬ ಜಾಗದಲ್ಲಿ ಅವರ ಹೆಸರಿಲ್ಲ. ಉದ್ಘಾಟನೆಗೂ ಸಮಾರೋಪಕ್ಕೂ ಬಂದುಹೋದ ಒಬ್ಬ ಕಾಯಂ ಸಹೋದ್ಯೋಗಿಯ ಹೆಸರಿದೆ. ಕೆಳಗೆ ಸಹಿ ನನ್ನದು. ಮೂರು ಸಲವೂ ನನ್ನದೇ.

2023ರ ನವೆಂಬರ್ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿ ಬೀದಿಗಿಳಿದರು, ಅದು ಮುಂದಿನ ಜನವರಿವರೆಗೂ ನಡೆಯಿತು. ನಮ್ಮ ಶಿಬಿರ ನಿಗದಿಯಾಗಿದ್ದದ್ದು ಡಿಸೆಂಬರ್‌ಗೆ. ಶಾಮಿಯಾನದ ಕೆಳಗೆ ಕೂತಿದ್ದ ಅವರ ಬಳಿ ಹೋಗಿ, “ಮೇಡಂ, ಹುಡುಗೀರು ನಿಮ್ಮನ್ನೇ ಕೇಳ್ತಿದಾರೆ, ಒಂದು ವಾರ ಬರ್ತೀರಾ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರ್ಬೋದು ಸರ್. ಯಾವ ಹೆಸರಲ್ಲಿ ಬರ್ಲಿ ಹೇಳಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಶಿಬಿರವನ್ನು ಮಾರ್ಚ್‌ಗೆ ಮುಂದೂಡಿದೆ. ಮಾರ್ಚ್‌ನಲ್ಲಿ ಅವರು ಬಂದರು, ಯಾವ ಹೆಸರೂ ಇಲ್ಲದೆ.

‘ಸಹಾಯಕ ಕಾರ್ಯಕ್ರಮಾಧಿಕಾರಿ’ ಎಂದು ಅತಿಥಿ ಉಪನ್ಯಾಸಕರನ್ನು ನೇಮಿಸಲು ಅವಕಾಶ ಕೊಡಿ. ಹಣದ ಸಹಿ ಕಾಯಂ ಅಧಿಕಾರಿ ಮತ್ತು ಪ್ರಾಂಶುಪಾಲರದ್ದೇ ಇರಲಿ. ಉಳಿದ ಕೆಲಸಕ್ಕೆ ಒಂದು ಹೆಸರು, ಒಂದು ಆದೇಶ, ಒಂದು ಅನುಭವ ಪ್ರಮಾಣಪತ್ರ ಸಿಗಲಿ. ಇಲ್ಲೊಂದು ಅಪಾಯವಿದೆ ಎಂದು ನನಗೆ ಗೊತ್ತು. ಹೆಸರು ಕೊಟ್ಟ ಮಾತ್ರಕ್ಕೆ ಇದು ಬಿಟ್ಟಿ ದುಡಿಮೆಗೆ ರಹದಾರಿ ಆಗಿಬಿಡಬಹುದು. 2022ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿದಾಗ ವಾರಕ್ಕೆ 15 ಗಂಟೆ ಕಾರ್ಯಭಾರ ಎಂದಾಯಿತು. ಕೆಲವರ ಕೈಗೆ ಮೊದಲಿಗಿಂತ ಹೆಚ್ಚು ಹಣ ಬಂತು, ಗಂಟೆಗಳು ಕೆಲವರ ಪಾಲಿಗೆ ಒಟ್ಟುಗೂಡಿ ಇನ್ನು ಕೆಲವರಿಗೆ ಕೆಲಸವೇ ಹೋಯಿತು. ಆದ್ದರಿಂದ ಎನ್ನೆಸ್ಸೆಸ್ ಕೆಲಸವನ್ನು ಆ 15 ಗಂಟೆಯ ಒಳಗೇ ಎರಡೋ ಮೂರೋ ಗಂಟೆ ಎಂದು ಲೆಕ್ಕ ಹಿಡಿಯಿರಿ, ಶಿಬಿರದ ವಾರವನ್ನು ಪೂರ್ತಿ ಕರ್ತವ್ಯವೆಂದು ಎಣಿಸಿ. ಅಷ್ಟು ಮಾಡಲಾಗದಿದ್ದರೆ ಹೆಸರನ್ನೂ ಕೊಡಬೇಡಿ. ನಾವು ಈಗಿನಂತೆಯೇ ಅವರ ಒಳ್ಳೆಯತನವನ್ನು ಕದಿಯುತ್ತಾ ಇರುತ್ತೇವೆ, ಕದಿಯುತ್ತಿದ್ದೇವೆ ಎಂಬ ಅರಿವಾದರೂ ಉಳಿದಿರಲಿ.

ಊರವರೂ ಹಳೆಯ ವಿದ್ಯಾರ್ಥಿಗಳೂ, “ಸಾರ್, ನೀವೇ ಇನ್ನೊಂದೆರಡು ವರ್ಷ ಇದ್ದುಬಿಡಿ, ವರ್ಗಾವಣೆ ರದ್ದು ಮಾಡಿಸಿ” ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ ಮೂರು ವರ್ಷ, ಬೇಕಾದರೆ ಇನ್ನೊಂದು, ಎಂಬ ನಿಯಮ ಮಾಡಿದವರು ಬುದ್ಧಿವಂತರು. ಒಬ್ಬನೇ ಹತ್ತು ಹನ್ನೆರಡು ವರ್ಷ ಕೂತ ಕಡೆ ಘಟಕ ಅವನ ಮನೆಯ ಹಿತ್ತಿಲಿನಂತಾಗುವುದನ್ನು ಕಂಡಿದ್ದೇನೆ. ಹುಡುಗರು ಅವನ ಅಭಿಮಾನಿಗಳಾಗುತ್ತಾರೆ, ಊರು ಅವನ ಊರಾಗುತ್ತದೆ, ಅವನು ನಿವೃತ್ತನಾದ ಮರುದಿನ ಎಲ್ಲವೂ ನಿಂತುಹೋಗುತ್ತದೆ. ನನಗೂ ಆ ರೋಗ ತಗಲಿತ್ತು. ಎರಡನೇ ವರ್ಷದಲ್ಲಿಯೇ ನಾನು ಯಾರನ್ನಾದರೂ ಜೊತೆಗೆ ಹಾಕಿಕೊಂಡು ಕಲಿಸಬೇಕಿತ್ತು. ಮಾಡಲಿಲ್ಲ. ‘ಅವರಿಗೆ ಪುರುಸೊತ್ತಿಲ್ಲ’ ಎಂಬುದು ನಾನು ಹೇಳಿಕೊಳ್ಳುತ್ತಿದ್ದ ನೆಪ. ಒಳಗಿನ ಸತ್ಯವೆಂದರೆ ಶಿಬಿರದ ಸಮಾರೋಪದಲ್ಲಿ ಹುಡುಗರು ಅತ್ತು ಕಾಲಿಗೆ ಬೀಳುವಾಗ ಆ ಕಾಲು ನನ್ನದೇ ಆಗಿರಬೇಕು ಎಂಬ ಆಸೆ. ಐವತ್ತರ ಹತ್ತಿರ ಬಂದ ಮೇಷ್ಟ್ರ ಜೀವನದಲ್ಲಿ ಅಂಥ ಸುಖಗಳು ಹೆಚ್ಚಿರುವುದಿಲ್ಲ.

ನಮ್ಮ ಕಡೆ ಹೊಸ ಹೋರಿಯನ್ನು ಒಂಟಿಯಾಗಿ ನೇಗಿಲಿಗೆ ಕಟ್ಟುವುದಿಲ್ಲ. ಪಳಗಿದ ಎತ್ತಿನ ಪಕ್ಕ ನೊಗಕ್ಕೆ ಹೂಡಿ ಒಂದು ಮುಂಗಾರು ಉಳುತ್ತಾರೆ. ಹೋರಿ ಸಾಲು ಹಿಡಿಯುವುದನ್ನು ಎತ್ತಿನಿಂದ ಕಲಿಯುತ್ತದೆ, ರೈತ ನಡುವೆ ಸುಮ್ಮನೆ ಚಾವಟಿ ಆಡಿಸುತ್ತಿರುತ್ತಾನೆ. ವಿದ್ಯಾರ್ಥಿ ನಾಯಕರ ವಿಷಯದಲ್ಲಿ ನಾನು ಇದನ್ನೇ ಮಾಡಿದೆ, ಮತ್ತು ಅದು ಫಲಿಸಿತು. ಸ್ವಯಂಸೇವಕರದ್ದು ಎರಡೇ ವರ್ಷದ ಆಟ. ಕೆಲಸ ಕೈಗೆ ಹತ್ತಿತು ಎನ್ನುವಾಗ ಅವರು ಅಂತಿಮ ವರ್ಷಕ್ಕೆ ಬಂದು ಇಂಟರ್ನ್‌ಶಿಪ್ಪು, ಬಿ.ಇಡಿ., ಪೊಲೀಸ್ ಪರೀಕ್ಷೆ ಎಂದು ಚದುರುತ್ತಾರೆ. ಸಾಲದ್ದಕ್ಕೆ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವ ತಂಡದ ಸೆಮಿಸ್ಟರ್ ಯಾವಾಗ ಮುಗಿಯುತ್ತದೆ ಎಂದು ಹುಡುಗರಿಗಿರಲಿ ನಮಗೇ ಗೊತ್ತಿರಲಿಲ್ಲ. ಅದಕ್ಕೇ ಪ್ರತಿ ಕೆಲಸಕ್ಕೂ ಜೋಡಿ ಮಾಡಿದೆ. ಅಡುಗೆ, ಉಪಕರಣ, ದಾಖಲೆ, ಬೆಳಗಿನ ಧ್ವಜ, ಔಷಧಿ ಪೆಟ್ಟಿಗೆ, ಎಲ್ಲಕ್ಕೂ ಒಬ್ಬ ಹಿರಿಯ, ಒಬ್ಬ ಕಿರಿಯ. ಹಿರಿಯ ಹೋಗುವ ಮುನ್ನ ಕಿರಿಯನ ಎದುರು ಮಾಡಿ ತೋರಿಸಬೇಕು, ಆಮೇಲೆ ಕಿರಿಯ ಮಾಡಬೇಕು, ಹಿರಿಯ ಕೈ ಕಟ್ಟಿ ನಿಲ್ಲಬೇಕು. ಕೈ ಕಟ್ಟಿ ನಿಲ್ಲುವುದೇ ಅವರಿಗೆ ಬಹಳ ಕಷ್ಟವಾದ ಪಾಠ. ಒಬ್ಬ ಹುಡುಗ ತನ್ನ ಕಿರಿಯಳು ಸಾಂಬಾರಿಗೆ ಉಪ್ಪು ಹೆಚ್ಚು ಹಾಕುವುದನ್ನು ನೋಡುತ್ತಾ ತುಟಿ ಕಚ್ಚಿಕೊಂಡು ನಿಂತಿದ್ದ. ಅಂದು 50 ಜನ ಉಪ್ಪು ಸಾಂಬಾರು ತಿಂದೆವು. ಮರುದಿನದಿಂದ ಆ ಹುಡುಗಿಯ ಕೈ ತಪ್ಪಲಿಲ್ಲ.

ಹತ್ತೊಂಬತ್ತು ವರ್ಷದ ಹುಡುಗರಿಗೆ ಸಾಧ್ಯವಾದದ್ದು ನಮ್ಮಂಥ ಗೆಜೆಟೆಡ್ ಅಧಿಕಾರಿಗಳಿಗೆ ಯಾಕೆ ಸಾಧ್ಯವಾಗಬಾರದು? ಒಬ್ಬರ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಮುಂದಿನವರ ಹೆಸರನ್ನು ಪ್ರಾಂಶುಪಾಲರು ಕಳಿಸಲಿ, ವಿಶ್ವವಿದ್ಯಾಲಯ ಒಪ್ಪಲಿ. ಆ ವರ್ಷದ ಶಿಬಿರವನ್ನು ಇಬ್ಬರೂ ಸೇರಿ ಮಾಡಲಿ. ಹೊಸ ಅಧಿಕಾರಿಯ ತರಬೇತಿ ಆ ಮಧ್ಯೆಯೇ ಮುಗಿಯಲಿ. ಈಗ ಆಗುತ್ತಿರುವುದು ಈಜಿ ದಡ ಸೇರಿದವನಿಗೆ ಈಜು ಕಲಿಸಿದಂತೆ. ನನ್ನ ತರಬೇತಿಯ ಸರದಿ ಬಂದದ್ದು ಎರಡು ಶಿಬಿರ ಮುಗಿಸಿದ ಮೇಲೆ. ಪಕ್ಕದಲ್ಲಿ ಕೂತಿದ್ದವರು ಅವಧಿಯ ಕೊನೆಯ ವರ್ಷದಲ್ಲಿದ್ದರು.

ಮೊಬೈಲ್ ಸಂಖ್ಯೆಯ ವಿಚಾರಕ್ಕೆ ಎರಡೇ ಸಾಲು. ಪ್ರತಿ ಘಟಕಕ್ಕೆ ಕಾಲೇಜಿನ ಹೆಸರಿನಲ್ಲಿ ಒಂದು ಸಿಮ್, ಒಂದು ಇಮೇಲ್ ಇರಲಿ. ಸಿಮ್ ಬೀರುವಿನಲ್ಲಿರಲಿ, ಅಧಿಕಾರಿ ಬದಲಾಗಲಿ.

ಒಂದು ಕಹಿ ಸಲಹೆಯೂ ಇದೆ. ನಮಗಿಂತ ಕಡಿಮೆ ಕಾಯಂ ಬೋಧಕರಿರುವ ಕಾಲೇಜುಗಳಿವೆ. ಅಂಥ ಕಡೆ 100 ಹೆಸರು ತುಂಬಿಸಿ, ಸ್ವಚ್ಛತೆಯ ದಿನ ಪೊರಕೆ ಹಿಡಿದು ಫೋಟೋ ತೆಗೆಸಿ, ವರ್ಷಾಂತ್ಯಕ್ಕೆ 120 ಗಂಟೆ ಭರ್ತಿ ಮಾಡುವ ಕಾಗದದ ಘಟಕಗಳು ಹುಟ್ಟುತ್ತವೆ. ಇದನ್ನು ನಾವೆಲ್ಲ ಬಲ್ಲೆವು, ಮಾತಾಡುವುದಿಲ್ಲ ಅಷ್ಟೆ. ಅಂಥ ಕಾಲೇಜಿನವರು ‘ಈ ವರ್ಷ ನಮ್ಮಿಂದ ಆಗದು, ಘಟಕವನ್ನು ಒಂದು ವರ್ಷ ತಡೆಹಿಡಿಯಿರಿ’ ಎಂದು ಬರೆದರೆ ಅದನ್ನು ಕಾಲೇಜಿನ ಸೋಲೆಂದು ನೋಡಬೇಡಿ, ಮುಂದಿನ ವರ್ಷ ಘಟಕವೇ ರದ್ದಾಗುತ್ತದೆ ಎಂಬ ಹೆದರಿಕೆ ಹುಟ್ಟಿಸಬೇಡಿ. ಆ ಕಾಲೇಜಿನ ಆಸಕ್ತ ಹುಡುಗರನ್ನು ಹತ್ತಿರದ ಇನ್ನೊಂದು ಘಟಕದ ಶಿಬಿರಕ್ಕೆ ಸೇರಿಸಿಕೊಳ್ಳಲು ಅವಕಾಶ ಕೊಡಿ. ಕಳೆದ ಮಾರ್ಚ್‌ನಲ್ಲಿ ನಮ್ಮ ಶಿಬಿರಕ್ಕೆ ಪಕ್ಕದ ಕಾಲೇಜಿನ ಒಂಬತ್ತು ಮಂದಿ ಬಂದಿದ್ದರು. ಅವರ ಊಟದ ಖರ್ಚನ್ನು ಯಾವ ಬಾಬಿಗೆ ಹಾಕಬೇಕೆಂದು ತಿಳಿಯದೆ ನಾವು ಮೇಷ್ಟ್ರುಗಳು ಜೇಬಿನಿಂದ ಹಾಕಿದೆವು. ಅದೇನೂ ದೊಡ್ಡದಲ್ಲ. ಆ ಒಂಬತ್ತರಲ್ಲಿ ಒಬ್ಬಳು ಈಗ ಅವರ ಕಾಲೇಜಿನಲ್ಲಿ ಒಬ್ಬಳೇ ಓಡಾಡಿ ರಕ್ತದಾನ ಶಿಬಿರ ಮಾಡಿಸಿದ್ದಾಳೆ.

ಹೊಸ ಹುಡುಗನ ವಿಚಾರ ಹೇಳುತ್ತೇನೆ ಎಂದಿದ್ದೆ. ವಾಣಿಜ್ಯಶಾಸ್ತ್ರದ ಆತ ಇನ್ನೂ ಪ್ರೊಬೇಷನ್‌ನಲ್ಲಿದ್ದಾನೆ. ಲೆಕ್ಕಪತ್ರ ಎಂದರೆ ಹೆದರಿಕೆ. ವಾಣಿಜ್ಯದವನಿಗೇ ಇಷ್ಟು ಹೆದರಿಕೆಯಾದರೆ ನಮ್ಮ ನಗದು ಪುಸ್ತಕದ ಗತಿಯನ್ನು ನೀವೇ ಯೋಚಿಸಿ. “ಸರ್, ಆಡಿಟ್ ಅಬ್ಜೆಕ್ಷನ್ ಬಂದ್ರೆ ನನ್ನ ಪ್ರೊಬೇಷನ್ ಗತಿ?” ಎಂದು ಕೇಳಿದ. ತಪ್ಪೇನಿಲ್ಲ, ಆ ಕೆಲಸಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದಾನೆ. ಹೋದ ಭಾನುವಾರ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಕಲ್ಯಾಣಿಯ ಊರಿಗೆ ಹೋದೆ. ಕನ್ನಡದ ಆ ಮೇಡಂ ಕೂಡ ಬಂದಿದ್ದರು. ನಾಲ್ಕು ಬದಿಯಲ್ಲಿ ಮೂರು ಬದಿಯ ಮೆಟ್ಟಿಲು ಈಗ ಕಾಣುತ್ತಿವೆ. ನಾಲ್ಕನೆಯದು ಬಾಕಿ, ಅಲ್ಲಿ ಲಂಟಾನ ಬೆಳೆದು ಕಲ್ಲು ಜರಿದಿವೆ. ಹುಣಸೆಹಣ್ಣಿನ ಅಜ್ಜಿ ಹೊರಗೆ ಬಂದರು. “ಇವ್ರು ಹೊಸಬ್ರಾ?” ಎಂದರು. ನಾನು ಉತ್ತರ ಕೊಡುವ ಮೊದಲೇ ಆತ, “ಹೌದಜ್ಜಿ, ಆದ್ರೆ ಮತ್ತೆ ಬರ್ಕೊಳಲ್ಲ” ಎಂದ. ನಾನು ದಾರಿಯಲ್ಲಿ ಹೇಳಿದ್ದ ಕಥೆ ಅವನ ತಲೆಯಲ್ಲಿ ನಿಂತಿತ್ತು.

200 ಪುಟದ ಉದ್ದ ನೋಟ್‌ಬುಕ್ ಒಂದನ್ನು ತುಂಬಿಸಿ ಬೀರುವಿನಲ್ಲಿ ಇಟ್ಟಿದ್ದೇನೆ, ಚಾರ್ಜ್ ಲಿಸ್ಟಿನ 15ನೇ ಬಾಬಾಗಿ ಸೇರಿಸಿದ್ದೇನೆ. ಅದರ ಕೆಲವು ಸಾಲುಗಳು ಹೀಗಿವೆ: ‘ಕಲ್ಯಾಣಿ ಪೂರ್ವ ಬದಿ, ಬಾಕಿ. ಊರವರು ಟ್ರ್ಯಾಕ್ಟರ್ ಕೊಡಲು ಒಪ್ಪಿದ್ದಾರೆ, ಡೀಸೆಲ್ ನಮ್ಮದು.’ ‘ಶಾಲೆಯ ಕೈತೋಟಕ್ಕೆ ಬೇಲಿ ಹಾಕಿಸಿಕೊಡುವೆನೆಂದು ಮುಖ್ಯ ಶಿಕ್ಷಕಿಗೆ ಹೇಳಿದ್ದೆ, ಆಗಲಿಲ್ಲ. ಕ್ಷಮೆ ಕೇಳಿದ್ದೇನೆ.’ ‘ಪಂಚಾಯಿತಿಯಲ್ಲಿ ಎರಡು ಬಣ. ಊಟಕ್ಕೆ ಒಂದು ಬಣದ ಮನೆಗೆ ಹೋದರೆ ಮರುದಿನ ಇನ್ನೊಂದು ಮನೆಗೆ ಟೀಗಾದರೂ ಹೋಗುವುದು.’ ‘ಕೇರಿಯ ಕಡೆಯ ಮನೆಗಳಿಂದಲೇ ಸಮೀಕ್ಷೆ ಶುರು ಮಾಡುವುದು, ಕೊನೆಗೆ ಇಟ್ಟರೆ ಸಂಜೆಯಾಗಿ ಬಿಟ್ಟುಹೋಗುತ್ತದೆ.’ ‘ಪಶು ವೈದ್ಯರನ್ನು ಕರೆಸುವುದಾದರೆ ಸಂತೆಯ ದಿನ ಬೇಡ.’ ‘ಹುಡುಗಿಯರ ಕೊಠಡಿಗೆ ಒಳಗಿನ ಚಿಲಕ ಮೊದಲೇ ನೋಡುವುದು.’

ಕನ್ನಡದ ಮೇಡಂ ಹಿಂದಿರುಗುವಾಗ ದಾರಿಯಲ್ಲಿ ಹೇಳಿದರು: “ಹೊಸ ಸರ್ ಒಪ್ಕೊಂಡ್ರೆ ನಾನಿರ್ತೀನಿ. ಈ ಸಲ ವರದಿಯಲ್ಲಿ ಹೆಸರು ಬರೀತೀರಾ ಅಂತ ಮಾತ್ರ ಕೇಳಿ ಹೇಳಿ.” ಕೇಳಿ ಹೇಳುತ್ತೇನೆ ಎಂದೆ. ಈಗ ಕೇಳುತ್ತಿದ್ದೇನೆ.

ಆತನ ಹೆಸರನ್ನು ಪ್ರಾಂಶುಪಾಲರು ನಿನ್ನೆ ಕಳಿಸಿದ್ದಾರೆ. ತರಬೇತಿಗೆ ಅವನನ್ನು ಶಿಬಿರಕ್ಕೆ ಮುಂಚೆಯೇ ಕರೆಯಿರಿ, ಅವನ ಜೊತೆ ಮೇಡಂ ಹೆಸರಿಗೂ ಒಂದು ಆದೇಶ ಕಳಿಸಿ. 31ರಂದು ಸಂಜೆ ಐದೂವರೆಯವರೆಗೆ ನಾನು ಕಾಲೇಜಿನಲ್ಲೇ ಇರುತ್ತೇನೆ. ಅಷ್ಟರೊಳಗೆ ಆದೇಶ ಬಾರದಿದ್ದರೆ ಈ ಗೊಂಚಲನ್ನು ಮತ್ತೆ ಅಟೆಂಡರ್ ಕೈಗೇ ಕೊಟ್ಟು ಬಸ್ಸು ಹತ್ತಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಅವಧಿ ಮುಗಿದ ಒಬ್ಬ ಕಾರ್ಯಕ್ರಮಾಧಿಕಾರಿ
ಜುಲೈ 2025